ಸರ್ವರಿನ ಉಗ್ರಾಣವನ್ನು ಕಿರಿದುಗೊಳಿಸುವ ಕ್ರಮ

ಮನೆಯನ್ನು ದೊಡ್ಡದು ಮಾಡುವುದು ಹಣವುಳ್ಳವರಿಗೆಲ್ಲ ಸಾಧ್ಯ. ಆದರೆ ಜನ ವಾಸಿಸುತ್ತಿರುವ, ಸಾಮಾನು ತುಂಬಿರುವ ಮನೆಯೊಂದನ್ನು ಒಳಗಿನ ಒಂದು ಲೋಟವೂ ಒಡೆಯದಂತೆ ಸಣ್ಣದು ಮಾಡಬೇಕೆಂದರೆ ಅದಕ್ಕೆ ಯೋಚನೆ ಬೇಕು, ಕ್ರಮ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ತಾಳ್ಮೆ ಬೇಕು. ಗಣಕಯಂತ್ರದ ಲೋಕದಲ್ಲಿಯೂ ಇಂತಹದೇ ಒಂದು ಕೆಲಸವಿದೆ. ಸರ್ವರಿನ ಕಡತ ವ್ಯವಸ್ಥೆಯನ್ನು, ಅಂದರೆ ಫೈಲ್ ಸಿಸ್ಟಮನ್ನು, ಕಿರಿದುಗೊಳಿಸುವುದೇ ಆ ಕೆಲಸ. ಅದನ್ನು ಕೇಡಿಲ್ಲದೆ ನಡೆಸುವುದು ಹೇಗೆಂಬುದನ್ನು ವಿದ್ಯಾರ್ಥಿಗಳಿಗೂ ಅವರ ಹೆತ್ತವರಿಗೂ ತಿಳಿಯುವಂತೆ ವಿವರಿಸುವುದು ಈ ಲೇಖನದ ಉದ್ದೇಶ.

ಕನ್ನಡ ಪಾಠ ಹೇಳುವವರಿಗೆ ಯಂತ್ರದ ಈ ಉಸಾಬರಿ ಏಕೆ ಎಂದು ಯಾರಾದರೂ ಕೇಳಬಹುದು. ಕಾರಣವಿದೆ. ನಮ್ಮ ಬದಿಯಡ್ಕದ ನೆಲ ಕನ್ನಡದ ನೆಲ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು (1915–2015) ಇಲ್ಲಿನ ಪೆರಡಾಲದಲ್ಲಿ ಅಧ್ಯಾಪಕರಾಗಿದ್ದುಕೊಂಡು ಬಾಳಿದರು. 1956ನೆಯ ಇಸವಿ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅಂದಿನಿಂದ ಇಲ್ಲಿನ ಕನ್ನಡ ಮಾಧ್ಯಮ ಶಾಲೆಗಳು ತಮ್ಮ ಮಕ್ಕಳ ಬರಹವನ್ನು ತಾವೇ ಕಾಪಾಡಿಕೊಂಡು ಬರಬೇಕಾಗಿದೆ. ಹಳೆಯ ವಾರ್ಷಿಕ ಸಂಚಿಕೆಗಳು, ಕೈಬರಹದ ಪತ್ರಿಕೆಗಳು, ಶಾಲಾ ನಾಟಕಗಳ ಭಾವಚಿತ್ರಗಳು ಇವುಗಳಿಗೆ ಎರಡನೆಯ ಪ್ರತಿ ಬೇರೆಲ್ಲಿಯೂ ದೊರೆಯದು. ಕಪಾಟಿನಲ್ಲಿಟ್ಟ ಕಾಗದಕ್ಕೆ ಮಳೆಗಾಲದ ತೇವ ಒಂದು ಶತ್ರುವಾದರೆ ಗೆದ್ದಲು ಇನ್ನೊಂದು ಶತ್ರು. ಆದುದರಿಂದ ಇಂದು ಇವುಗಳನ್ನು ಸ್ಕ್ಯಾನ್ ಮಾಡಿ ಸರ್ವರಿನಲ್ಲಿ ಇಡುತ್ತಿದ್ದೇವೆ. ಗೆದ್ದಲು ಒಂದು ಪುಟವನ್ನು ತಿನ್ನಲು ದಿನಗಳು ಬೇಕು. ತಪ್ಪು ಆಜ್ಞೆಯೊಂದು ಎಲ್ಲ ಪುಟಗಳನ್ನೂ ತಿನ್ನಲು ಒಂದು ನಿಮಿಷ ಸಾಕು. ಆದುದರಿಂದ ಈ ವಿದ್ಯೆ ನಮಗೂ ಬೇಕು.

ಸರ್ವರ್ ಎಂದರೇನು?

ಹಲವು ಗಣಕಯಂತ್ರಗಳಿಗೆ ಬೇಕಾದ ಕಡತಗಳನ್ನು ಒಂದೆಡೆ ಇಟ್ಟುಕೊಂಡು, ಕೇಳಿದಾಗ ಕೊಡುವ ಯಂತ್ರವೇ ಸರ್ವರ್. ಅದೊಂದು ಉಗ್ರಾಣ. ಕೇರಳದ ಶಾಲೆಗಳಿಗೆ ಗಣಕಯಂತ್ರದ ಶಿಕ್ಷಣ ಬಂದುದು 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆಯ ಮೂಲಕ. 2017ರಲ್ಲಿ ಆ ಯೋಜನೆ ಕೈಟ್ ಎಂಬ ಸರಕಾರಿ ಕಂಪೆನಿಯಾಯಿತು. ನಮ್ಮ ಮಕ್ಕಳು ಪ್ರಯೋಗಾಲಯದಲ್ಲಿ ಬಳಸುವ ತಂತ್ರಾಂಶವು ಲಿನಕ್ಸ್ ಎಂಬ ಸ್ವತಂತ್ರ ತಂತ್ರಾಂಶವನ್ನು ಆಧರಿಸಿದ್ದು. ಲಿಟಲ್ ಕೈಟ್ಸ್ ಘಟಕದ ವಿದ್ಯಾರ್ಥಿಗಳಿಗೆ ಇದರ ಪರಿಚಯ ಚೆನ್ನಾಗಿಯೇ ಇದೆ. ಲಿನಕ್ಸಿನಲ್ಲಿ ಬಹುವಾಗಿ ಬಳಕೆಯಲ್ಲಿರುವ ಕಡತ ವ್ಯವಸ್ಥೆಯ ಹೆಸರು ಎಕ್ಸ್ಟ್4. ಇದರ ಪೂರ್ವಜವಾದ ಎಕ್ಸ್ಟ್2 ಎಂಬುದು 1993ರಲ್ಲಿ ಬಂದಿತು. ಎಕ್ಸ್ಟ್4 ಬಳಕೆಗೆ ಸಿದ್ಧವಾದುದು 2008ರಲ್ಲಿ.

ಉಗ್ರಾಣದ ಒಳಗೆ

ಡಿಸ್ಕ್ ಎಂಬುದು ಖಾಲಿ ನೆಲ. ಅಲ್ಲಿ ಕಡತಗಳನ್ನು ಎಲ್ಲೆಲ್ಲಿ ಇಡಬೇಕು, ಇಟ್ಟುದನ್ನು ಮರಳಿ ಹೇಗೆ ಹುಡುಕಬೇಕು ಎಂಬ ಲೆಕ್ಕಪತ್ರವೇ ಕಡತ ವ್ಯವಸ್ಥೆ. ಎಕ್ಸ್ಟ್4 ಸಾಮಾನ್ಯವಾಗಿ ಜಾಗವನ್ನು 4096 ಬೈಟುಗಳ ಸಣ್ಣ ಖಾನೆಗಳಾಗಿ ಭಾಗಿಸುತ್ತದೆ. ಇದಕ್ಕೆ ಬ್ಲಾಕ್ ಎಂದು ಹೆಸರು. ಇಂತಹ 32,768 ಬ್ಲಾಕುಗಳು ಸೇರಿ ಒಂದು ಗುಂಪು. ಈ ಸಂಖ್ಯೆ ಎಲ್ಲಿಂದ ಬಂತು? ಪ್ರತಿ ಗುಂಪಿನಲ್ಲೂ ಯಾವ ಖಾನೆ ತುಂಬಿದೆ, ಯಾವುದು ಖಾಲಿ ಎಂದು ಗುರುತು ಹಾಕಲು ಒಂದು ಬ್ಲಾಕನ್ನು ಮೀಸಲಿಡುತ್ತಾರೆ. 4096 ಬೈಟಿನಲ್ಲಿ 8ರಂತೆ 32,768 ಬಿಟ್‌ಗಳಿವೆ. ಒಂದು ಖಾನೆಗೆ ಒಂದು ಬಿಟ್. ಲೆಕ್ಕ ಸರಿಹೋಯಿತಲ್ಲವೇ?

ಇದಲ್ಲದೆ ಪ್ರತಿ ಕಡತಕ್ಕೂ ಐನೋಡ್ ಎಂಬ ಒಂದು ಚೀಟಿಯಿರುತ್ತದೆ. ಕಡತದ ಗಾತ್ರವೆಷ್ಟು, ಒಡೆಯನಾರು, ಅದು ಯಾವ ಯಾವ ಬ್ಲಾಕುಗಳಲ್ಲಿದೆ ಎಂಬುದು ಆ ಚೀಟಿಯಲ್ಲಿ ಬರೆದಿರುತ್ತದೆ. ಇಡೀ ಉಗ್ರಾಣದ ಗಾತ್ರ, ಒಟ್ಟು ಬ್ಲಾಕುಗಳ ಸಂಖ್ಯೆ ಮುಂತಾದ ಮುಖ್ಯ ವಿವರಗಳು ಸೂಪರ್‌ಬ್ಲಾಕ್ ಎಂಬ ಮೊದಲ ಪುಟದಲ್ಲಿವೆ.

ಒಂದು ಉದಾಹರಣೆ ಕೊಡೋಣ. ‘ಬದಿಯಡ್ಕ’ ಎಂಬ ನಮ್ಮ ಊರಿನ ಹೆಸರನ್ನು ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿ ಕಡತವಾಗಿ ಉಳಿಸಿದರೆ ಅದು 21 ಬೈಟು. ಏಕೆಂದರೆ ಬ, ದ, ಇಕಾರದ ಗುಣಿತ ಚಿಹ್ನೆ, ಯ, ಡ, ವಿರಾಮ ಚಿಹ್ನೆ, ಕ ಹೀಗೆ ಏಳು ಸಂಕೇತಗಳು. ಒಂದೊಂದಕ್ಕೂ ಮೂರು ಬೈಟು. ಆದರೆ ಈ ಪುಟ್ಟ ಕಡತವೂ ಒಂದು ಇಡೀ ಬ್ಲಾಕನ್ನು ಹಿಡಿಯುತ್ತದೆ. ಇನ್ನೊಂದೆಡೆ, ಹಳೆಯ ಸಂಚಿಕೆಯ ಎ4 ಅಳತೆಯ ಒಂದು ಪುಟವನ್ನು ಅಂಗುಲಕ್ಕೆ 300 ಚುಕ್ಕಿಯಂತೆ ಬಣ್ಣದಲ್ಲಿ ಸ್ಕ್ಯಾನ್ ಮಾಡಿ, ಸಂಕೋಚಿಸದೆ ಇಟ್ಟರೆ ಸುಮಾರು 2 ಕೋಟಿ 60 ಲಕ್ಷ ಬೈಟು ಬೇಕಾಗುತ್ತದೆ. 80 ಪುಟಗಳ ಒಂದು ಸಂಚಿಕೆಗೆ ಎರಡು ಗಿಗಾಬೈಟಿಗಿಂತ ಸ್ವಲ್ಪ ಹೆಚ್ಚು. ಅಕ್ಷರ ಕಡಿಮೆ ಜಾಗ ಕೇಳುತ್ತದೆ, ಅಕ್ಷರದ ಚಿತ್ರ ಹೆಚ್ಚು ಜಾಗ ಕೇಳುತ್ತದೆ ಎಂಬುದು ಇದರಿಂದ ಸ್ಪಷ್ಟ.

ಪಾಲು ಬೇರೆ, ಮನೆ ಬೇರೆ

ಇಲ್ಲಿ ಒಂದು ಭೇದವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಇದನ್ನು ತಿಳಿದವನು ಅರ್ಧ ಕೆಲಸ ಮುಗಿಸಿದಂತೆಯೇ. ಡಿಸ್ಕನ್ನು ಪಾಲು ಮಾಡುವುದಕ್ಕೆ ಪಾರ್ಟಿಷನ್ ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ಅಣ್ಣತಮ್ಮಂದಿರು ಜಾಗ ಪಾಲು ಮಾಡಿಕೊಂಡಾಗ ಗಡಿಕಲ್ಲು ಹಾಕಿ, ಪಾಲುಪತ್ರದಲ್ಲಿ ಅಳತೆ ಬರೆಯುವುದಿಲ್ಲವೇ? ಡಿಸ್ಕಿನ ಮೇಲೂ ಅಂತಹ ಒಂದು ಪಾಲುಪತ್ರವಿದೆ. ಪ್ರತಿ ಪಾಲು ಎಲ್ಲಿಂದ ಆರಂಭವಾಗಿ ಎಲ್ಲಿ ಮುಗಿಯುತ್ತದೆ ಎಂಬುದು ಮಾತ್ರ ಅದರಲ್ಲಿದೆ. ಆ ಪಾಲಿನೊಳಗೆ ಕಟ್ಟಿದ ಮನೆಯೇ ಕಡತ ವ್ಯವಸ್ಥೆ.

ಈಗ ಹೇಳಿ, ಜಾಗವನ್ನು ಕಡಿಮೆ ಮಾಡಬೇಕಾದರೆ ಮೊದಲು ಏನನ್ನು ಮಾಡಬೇಕು? ಮನೆಯ ಗೋಡೆ ಇನ್ನೂ ಹಳೆಯ ಜಾಗದಲ್ಲಿರುವಾಗಲೇ ಗಡಿಕಲ್ಲನ್ನು ಒಳಕ್ಕೆ ತಂದು ನೆಟ್ಟರೆ ಹಿಂದಿನ ಕೋಣೆ ನೆರೆಮನೆಯವರ ಪಾಲಾಗುತ್ತದೆ. ಆದುದರಿಂದ ಕಿರಿದುಗೊಳಿಸುವಾಗ ಮೊದಲು ಮನೆ, ಆಮೇಲೆ ಗಡಿ. ಹಿರಿದುಗೊಳಿಸುವಾಗ ಮೊದಲು ಗಡಿ, ಆಮೇಲೆ ಮನೆ. ಈ ಒಂದು ವಾಕ್ಯವನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡಿದರೂ ತಪ್ಪಿಲ್ಲ.

ಕಿರಿದುಗೊಳಿಸುವ ಅಗತ್ಯವೇನು?

ಒಂದು ಶಾಲೆಯ ಸರ್ವರಿನಲ್ಲಿ ಒಂದು ಟೆರಾಬೈಟಿನ ಡಿಸ್ಕ್ ಇದೆಯೆಂದು ಇಟ್ಟುಕೊಳ್ಳಿ. ಯಂತ್ರದ ಲೆಕ್ಕದಲ್ಲಿ ಅದು ಸುಮಾರು 931 ಗಿಬಿಬೈಟು. (ಗಿಬಿಬೈಟು ಎಂದರೇನೆಂದು ಮುಂದೆ ಹೇಳುತ್ತೇವೆ.) ಮೊದಲ 100 ಗಿಬಿಬೈಟು ಕಾರ್ಯವ್ಯವಸ್ಥೆಗೆ, ಮುಂದಿನ 700 ತರಗತಿಗಳ ಕಡತಗಳಿಗೆ, ಉಳಿದುದು ಇತರ ಕೆಲಸಕ್ಕೆ ಮೀಸಲು. 700ರಲ್ಲಿ ತುಂಬಿರುವುದು 180 ಮಾತ್ರ. ಹಳೆಯ ಸಂಚಿಕೆಗಳನ್ನು ಅದೇ ಕೋಣೆಯಲ್ಲಿ ಇಟ್ಟರೆ ನಾಳೆ ತರಗತಿಯ ವೀಡಿಯೋಗಳು ಅದನ್ನು ತುಂಬಿಬಿಟ್ಟಾವು. ಯಾರೋ ಜಾಗ ಮಾಡಲು ಹೋಗಿ ಬೇಡದುದರೊಡನೆ ಬೇಕಾದುದನ್ನೂ ಅಳಿಸಿಯಾರು. ಆದುದರಿಂದ 700ನ್ನು 500ಕ್ಕೆ ಇಳಿಸಿ, ಉಳಿದ 200ರಲ್ಲಿ ಸಂಚಿಕೆಗಳಿಗೆಂದೇ ಪ್ರತ್ಯೇಕ ಕೋಣೆ ಕಟ್ಟುವುದು ಒಳ್ಳೆಯದು.

ಇಳಿಸುವ ಮುನ್ನ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು. ಇದು ನಿಜವಾಗಿಯೂ ಅಗತ್ಯವೇ? ಬೇಡದ ಕಡತಗಳನ್ನು ತೆಗೆದರೆ ಸಾಲದೇ? ಇನ್ನೊಂದು ಡಿಸ್ಕ್ ಕೊಂಡರೆ ಆಗದೇ? ಆಗುವುದಾದರೆ ಅದೇ ಲೇಸು. ಮಾಡದೆ ಬಿಟ್ಟ ಶಸ್ತ್ರಚಿಕಿತ್ಸೆಯಿಂದ ಅಪಾಯವಿಲ್ಲ.

ಏಳು ಮೆಟ್ಟಿಲು

ಅಗತ್ಯವೆಂದು ನಿಶ್ಚಯವಾದ ಮೇಲೆ ಈ ಕ್ರಮದಲ್ಲಿ ನಡೆಯಬೇಕು.

ಮೊದಲನೆಯದು, ಪ್ರತಿ ತೆಗೆಯುವುದು. ಎಲ್ಲ ಕಡತಗಳನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಬೇಕು. ಅದೇ ಡಿಸ್ಕಿನ ಇನ್ನೊಂದು ಮೂಲೆಗೆ ಮಾಡಿದ ನಕಲು ನಕಲಲ್ಲ. ನಕಲು ಮಾಡಿದರಷ್ಟೇ ಸಾಲದು. ಅದನ್ನು ಇನ್ನೊಂದು ಯಂತ್ರಕ್ಕೆ ಜೋಡಿಸಿ, ಕೆಲವು ಕಡತಗಳನ್ನು ತೆರೆದು ಓದಿ ನೋಡಬೇಕು. ಮೂಲಕ್ಕೂ ಪ್ರತಿಗೂ ಅಕ್ಷರಶಃ ಹೋಲಿಕೆ ಇದೆಯೇ ಎಂದು ನೋಡಲು ಎಸ್‌ಎಚ್‌ಎ256ಸಮ್ ಎಂಬ ಆಜ್ಞೆಯಿದೆ. ಅದು ಪ್ರತಿ ಕಡತಕ್ಕೂ ಬೆರಳ ಗುರುತಿನಂತಹ ಒಂದು ಸಂಖ್ಯೆಯನ್ನು ಕೊಡುತ್ತದೆ. ಎರಡೂ ಕಡೆ ಸಂಖ್ಯೆ ಒಂದೇ ಆದರೆ ಕಡತವೂ ಒಂದೇ.

ಎರಡನೆಯದು, ಪಾಲುಪತ್ರವನ್ನು ಬರೆದಿಟ್ಟುಕೊಳ್ಳುವುದು. ಎಸ್‌ಎಫ್‌ಡಿಸ್ಕ್ ಎಂಬ ಉಪಕರಣವು ಪ್ರತಿ ಪಾರ್ಟಿಷನಿನ ಆರಂಭ ಮತ್ತು ಗಾತ್ರವನ್ನು ಸಂಖ್ಯೆಯಲ್ಲಿ ತಿಳಿಸುತ್ತದೆ. ಆ ಸಂಖ್ಯೆಗಳನ್ನು ಅದೇ ಯಂತ್ರದಲ್ಲಿ ಉಳಿಸಿದರೆ ಪ್ರಯೋಜನವಿಲ್ಲ. ಕಾಗದದಲ್ಲಿ ಮುದ್ರಿಸಿ ಕೈಯಲ್ಲಿ ಇಟ್ಟುಕೊಳ್ಳಬೇಕು. ಇದರ ಉಪಯೋಗ ಮುಂದೆ ತಿಳಿಯುತ್ತದೆ.

ಮೂರನೆಯದು, ಬಳಕೆಯನ್ನು ನಿಲ್ಲಿಸುವುದು. ಎಕ್ಸ್ಟ್4 ವ್ಯವಸ್ಥೆಯನ್ನು ಬಳಕೆಯಲ್ಲಿರುವಾಗಲೇ ದೊಡ್ಡದು ಮಾಡಬಹುದು, ಆದರೆ ಸಣ್ಣದು ಮಾಡಲು ಬರುವುದಿಲ್ಲ. ಆದುದರಿಂದ ಅದನ್ನು ಅನ್‌ಮೌಂಟ್ ಮಾಡಬೇಕು, ಅಂದರೆ ಉಗ್ರಾಣದ ಬಾಗಿಲು ಹಾಕಬೇಕು. ಯಾವುದಾದರೂ ಕೆಲಸ ಒಳಗೆ ನಡೆಯುತ್ತಿದ್ದರೆ ಯಂತ್ರವು ಬಾಗಿಲು ಹಾಕಲು ಒಪ್ಪುವುದಿಲ್ಲ. ಒಳಗಿರುವವರು ಯಾರೆಂದು ನೋಡಿ, ಆ ಕೆಲಸವನ್ನು ಕ್ರಮವಾಗಿ ಮುಗಿಸಬೇಕು, ಬಲಾತ್ಕಾರ ಮಾಡಬಾರದು. ಕಾರ್ಯವ್ಯವಸ್ಥೆಯೇ ಇರುವ ಪಾಲನ್ನು ಕಿರಿದು ಮಾಡಬೇಕಾದರೆ ನಾವು ನಿಂತಿರುವ ನೆಲವನ್ನೇ ಅಗೆದಂತೆ. ಆಗ ಯುಎಸ್‌ಬಿ ಕಡ್ಡಿಯಿಂದ ಯಂತ್ರವನ್ನು ಆರಂಭಿಸಿ, ಹೊರಗೆ ನಿಂತು ಕೆಲಸ ಮಾಡಬೇಕು. ಶನಿವಾರ ಮಧ್ಯಾಹ್ನದ ಮೇಲೆ, ಮಕ್ಕಳೂ ಕಚೇರಿಯವರೂ ಯಂತ್ರ ಮುಟ್ಟದ ಹೊತ್ತು ಇದಕ್ಕೆ ಯೋಗ್ಯ.

ನಾಲ್ಕನೆಯದು, ತಪಾಸಣೆ. ಇ2ಎಫ್‌ಎಸ್‌ಸಿಕೆ ಎಂಬ ಆಜ್ಞೆಗೆ ‘ಎಫ್’ ಎಂಬ ಸೂಚನೆ ಸೇರಿಸಿ ಇಡೀ ಲೆಕ್ಕಪತ್ರವನ್ನು ಪರಿಶೀಲಿಸಬೇಕು. ಲೆಕ್ಕದಲ್ಲಿ ದೋಷವಿರುವಾಗ ಸಾಮಾನು ಸಾಗಿಸಿದರೆ ದೋಷ ಇಮ್ಮಡಿಯಾಗುತ್ತದೆ. ಈ ತಪಾಸಣೆ ಆಗದಿದ್ದರೆ ಮುಂದಿನ ಉಪಕರಣವು ಕೆಲಸ ಆರಂಭಿಸಲು ನಿರಾಕರಿಸುತ್ತದೆ. ಅದನ್ನು ಮಾಡಿದವರ ಮುಂದಾಲೋಚನೆಗೆ ನಾವು ಕೃತಜ್ಞರಾಗಿರಬೇಕು.

ಐದನೆಯದು, ಕಡತ ವ್ಯವಸ್ಥೆಯನ್ನು ಕಿರಿದುಗೊಳಿಸುವುದು. ಇದಕ್ಕೆ ರಿಸೈಜ್2ಎಫ್‌ಎಸ್ ಎಂಬ ಆಜ್ಞೆ. ದೊಡ್ಡ ಅಕ್ಷರದ ‘ಪಿ’ ಸೂಚನೆ ಕೊಟ್ಟರೆ ಎಷ್ಟರ ತನಕ ಇಳಿಸಬಹುದೆಂಬ ಅಂದಾಜನ್ನು ಹೇಳುತ್ತದೆ. ಸಣ್ಣ ಅಕ್ಷರದ ‘ಪಿ’ ಕೊಟ್ಟರೆ ಕೆಲಸ ಎಲ್ಲಿಗೆ ಬಂತೆಂದು ತೋರಿಸುತ್ತದೆ. ನಮ್ಮ ಗುರಿ 500. ಆದರೂ ಮೊದಲು 480ಕ್ಕೆ ಇಳಿಸಬೇಕು. ಏಕೆಂದು ಮುಂದೆ ನೋಡೋಣ. ಈ ಹಂತದಲ್ಲಿ ಯಂತ್ರವು ಹೊಸ ಎಲ್ಲೆಯಿಂದಾಚೆ ಇರುವ ಬ್ಲಾಕುಗಳನ್ನು ಒಳಗಿನ ಖಾಲಿ ಬ್ಲಾಕುಗಳಿಗೆ ಸಾಗಿಸುತ್ತದೆ. ಆಚೆಯ ಐನೋಡ್ ಚೀಟಿಗಳನ್ನು ಒಳಗೆ ಬರೆಯುತ್ತದೆ. ಚೀಟಿಯ ಸಂಖ್ಯೆ ಬದಲಾದಲ್ಲಿ ಹೆಸರುಪಟ್ಟಿಯನ್ನು ತಿದ್ದುತ್ತದೆ. ಸೂಪರ್‌ಬ್ಲಾಕಿನಲ್ಲಿ ಹೊಸ ಗಾತ್ರವನ್ನು ನಮೂದಿಸುತ್ತದೆ. ಗುಂಪಿನ ಲೆಕ್ಕದಲ್ಲಿ ಹೇಳುವುದಾದರೆ 5600 ಗುಂಪುಗಳಿದ್ದುದು 3840 ಆಗುತ್ತದೆ. ಈ ಕೆಲಸದ ನಡುವೆ ವಿದ್ಯುತ್ ಹೋದರೆ ಅರ್ಧ ಸಾಮಾನು ಅಲ್ಲಿ, ಅರ್ಧ ಇಲ್ಲಿ ಎಂಬಂತಾಗುತ್ತದೆ. ಆದುದರಿಂದ ಯುಪಿಎಸ್ ಇಲ್ಲದೆ ಇದಕ್ಕೆ ಕೈಹಾಕಬಾರದು. ಮಳೆಗಾಲಕ್ಕೆ ಮುಂಚಿನ ಸಿಡಿಲಿನ ದಿನಗಳಲ್ಲಂತೂ ಬೇಡವೇ ಬೇಡ.

ಆರನೆಯದು, ಗಡಿಕಲ್ಲನ್ನು ಸರಿಸುವುದು. ಈಗ ಪಾರ್ಟಿಷನನ್ನು 500ಕ್ಕೆ ಇಳಿಸಬೇಕು. ಇಲ್ಲಿ ಒಂದು ಗುಂಡಿಯಿದೆ. ಪಾರ್ಟೆಡ್ ಎಂಬ ಉಪಕರಣವು ಕೇಳುವುದು ಪಾಲಿನ ಗಾತ್ರವನ್ನಲ್ಲ, ಪಾಲು ಮುಗಿಯುವ ಸ್ಥಳವನ್ನು. ನಮ್ಮ ಪಾಲು 100ರಿಂದ ಆರಂಭವಾಗುವ ಕಾರಣ 500 ಗಾತ್ರಕ್ಕೆ ಕೊನೆಯ ಗಡಿ 600. ಅಲ್ಲಿ 500 ಎಂದು ಬರೆದರೆ ಪಾಲಿನ ಗಾತ್ರ 400 ಆಗಿ, 480ರ ಮನೆಯ ಹಿಂಭಾಗ ಕತ್ತರಿಸಿ ಹೋಗುತ್ತದೆ.

ಏಳನೆಯದು, ಮನೆಯನ್ನು ಗಡಿಗೆ ಹೊಂದಿಸುವುದು. ಮೊದಲು 480ಕ್ಕೆ ಇಳಿಸಿದುದು ಏಕೆಂದರೆ ಗೋಡೆಗೂ ಗಡಿಗೂ ನಡುವೆ ಸ್ವಲ್ಪ ತೆರಪು ಇರಲಿ ಎಂದು. ಲೆಕ್ಕದಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವಾದರೂ ಆ ತೆರಪು ನಮ್ಮನ್ನು ಕಾಯುತ್ತದೆ. ಗಡಿ ಸರಿಯಾಗಿ ಕುಳಿತ ಮೇಲೆ ಗಾತ್ರ ಹೇಳದೆ ರಿಸೈಜ್2ಎಫ್‌ಎಸ್ ಆಜ್ಞೆಯನ್ನು ಇನ್ನೊಮ್ಮೆ ಕೊಟ್ಟರೆ ಕಡತ ವ್ಯವಸ್ಥೆ ತಾನಾಗಿಯೇ 500ರ ಅಂಚಿನವರೆಗೆ ಬೆಳೆದು ನಿಲ್ಲುತ್ತದೆ. ಮತ್ತೊಮ್ಮೆ ತಪಾಸಣೆ ಮಾಡಿ, ಮೌಂಟ್ ಮಾಡಿ, ಕಡತಗಳನ್ನು ಪ್ರತಿಯೊಡನೆ ಹೋಲಿಸಿ ನೋಡಬೇಕು. ಅನಂತರವೇ ಬಿಡುಗಡೆಯಾದ 200ರಲ್ಲಿ ಹೊಸ ಕೋಣೆ ಕಟ್ಟುವುದು. ಆಗಲೂ ಪಾರ್ಟಿಷನಿನ ಹೆಸರನ್ನು ಎರಡೆರಡು ಬಾರಿ ನೋಡಿಕೊಳ್ಳಬೇಕು. ಹೊಸ ಕಡತ ವ್ಯವಸ್ಥೆ ಕಟ್ಟುವ ಆಜ್ಞೆಗೆ ಹಳೆಯ ಕೋಣೆಯ ಹೆಸರು ಕೊಟ್ಟರೆ ಅಲ್ಲಿನ ಲೆಕ್ಕಪತ್ರವೆಲ್ಲ ಹೋಗಿಬಿಡುತ್ತದೆ.

ಜಿಪಾರ್ಟೆಡ್ ಎಂಬ ಚಿತ್ರರೂಪದ ಉಪಕರಣವು ತಪಾಸಣೆ, ಮನೆ, ಗಡಿ ಎಂಬ ಮೂರನ್ನೂ ಸರಿಯಾದ ಕ್ರಮದಲ್ಲಿ ತಾನೇ ಮಾಡಿಕೊಡುತ್ತದೆ. ಆರಂಭಿಕರಿಗೆ ಅದೇ ಉತ್ತಮ. ಆದರೆ ಅದು ಮೊದಲ ಮೆಟ್ಟಿಲನ್ನು ಹತ್ತಿಕೊಡುವುದಿಲ್ಲ. ಪ್ರತಿ ತೆಗೆಯುವ ಹೊಣೆ ನಮ್ಮದೇ.

ಅಳತೆಗೋಲಿನ ತೊಡಕು

ಕೊಂಡ ಡಿಸ್ಕಿನ ಪೆಟ್ಟಿಗೆಯ ಮೇಲೆ 1000 ಗಿಗಾಬೈಟು ಎಂದಿರುತ್ತದೆ, ಯಂತ್ರ 931 ಎಂದು ತೋರಿಸುತ್ತದೆ. ಅಂಗಡಿಯವರು ಮೋಸ ಮಾಡಿದರೆಂದು ಹೆತ್ತವರು ಶಂಕಿಸುವುದುಂಟು. ಮೋಸವಲ್ಲ, ಅಳತೆಗೋಲು ಎರಡು. ಒಂದು ಗಿಗಾಬೈಟು ಎಂದರೆ 100,00,00,000 ಬೈಟು, ಅಂದರೆ ನೂರು ಕೋಟಿ. ಒಂದು ಗಿಬಿಬೈಟು ಎಂದರೆ ಎರಡರ ಮೂವತ್ತನೆಯ ಘಾತ, 107,37,41,824 ಬೈಟು. ಡಿಸ್ಕ್ ಮಾಡುವವರು ಮೊದಲನೆಯದನ್ನು ಬಳಸುತ್ತಾರೆ, ಹಲವು ತಂತ್ರಾಂಶಗಳು ಎರಡನೆಯದನ್ನು ಬಳಸುತ್ತವೆ.

ಇದು ಬರಿಯ ಹೆಸರಿನ ಜಗಳವಲ್ಲ. ರಿಸೈಜ್2ಎಫ್‌ಎಸ್ ಆಜ್ಞೆಗೆ 500 ಜಿ ಎಂದರೆ ಗಿಬಿಬೈಟು. ಅದು ಸುಮಾರು 537 ಗಿಗಾಬೈಟಿಗೆ ಸಮ. ಪಾರ್ಟೆಡ್ ಉಪಕರಣಕ್ಕೆ ಜಿಬಿ ಎಂದು ಬರೆದರೆ ಗಿಗಾಬೈಟು. ಮನೆಯನ್ನು ಒಂದು ಕೋಲಿನಿಂದ, ಗಡಿಯನ್ನು ಇನ್ನೊಂದು ಕೋಲಿನಿಂದ ಅಳೆದರೆ 37 ಗಿಗಾಬೈಟು ಗಡಿಯಾಚೆ ಉಳಿಯುತ್ತದೆ. ಎರಡೂ ಕಡೆ ಒಂದೇ ಕೋಲನ್ನು ಹಿಡಿಯಬೇಕು.

ಕಿರಿದಾಗದ ಉಗ್ರಾಣಗಳು

ಎಲ್ಲ ಕಡತ ವ್ಯವಸ್ಥೆಗಳೂ ಈ ಮಾತಿಗೆ ಬಗ್ಗುವುದಿಲ್ಲ. ದೊಡ್ಡ ಸರ್ವರುಗಳಲ್ಲಿ ಬಳಸುವ ಎಕ್ಸ್‌ಎಫ್‌ಎಸ್ ಎಂಬುದನ್ನು ಬೆಳೆಸಬಹುದು, ಎಕ್ಸ್ಟ್4ನಂತೆ ಇಳಿಸಲಾಗದು. ಅಲ್ಲಿ ದಾರಿ ಒಂದೇ: ಪ್ರತಿ ತೆಗೆದು, ಸಣ್ಣದಾಗಿ ಹೊಸತು ಕಟ್ಟಿ, ಕಡತಗಳನ್ನು ಮರಳಿ ತುಂಬುವುದು. ಬಿಟಿಆರ್‌ಎಫ್‌ಎಸ್ ಎಂಬುದನ್ನು ಬಳಕೆಯಲ್ಲಿರುವಾಗಲೇ ಇಳಿಸಬಹುದು. ಆದುದರಿಂದ ಕಟ್ಟುವ ದಿನವೇ ಮುಂದಿನ ದಿನಗಳನ್ನು ಯೋಚಿಸಬೇಕು. ಮೊದಲೇ ಇಡೀ ಡಿಸ್ಕನ್ನು ಒಂದೇ ಕೋಣೆ ಮಾಡದೆ, ಸ್ವಲ್ಪ ಜಾಗವನ್ನು ಯಾರಿಗೂ ಕೊಡದೆ ಉಳಿಸಿಕೊಂಡರೆ ಇಳಿಸುವ ಪ್ರಸಂಗವೇ ಬಾರದು. ತೋಟ ಮಾಡುವವರು ಮುಂದೆ ಬಾವಿ ತೋಡಲು ಒಂದು ಮೂಲೆ ಬಿಟ್ಟಿರುವುದಿಲ್ಲವೇ?

ಕ್ರಮ ತಪ್ಪಿದರೆ?

ಯಾರೋ ಗಡಿಯನ್ನು ಮೊದಲೇ ಕಡಿದುಬಿಟ್ಟರು ಎಂದಿಟ್ಟುಕೊಳ್ಳಿ. ಆಗ ಸೂಪರ್‌ಬ್ಲಾಕ್ ಹೇಳುವ ಗಾತ್ರ ಒಂದು, ಪಾಲಿನ ಗಾತ್ರ ಇನ್ನೊಂದು. ಎರಡೂ ತಾಳೆಯಾಗದ ಕಾರಣ ಲಿನಕ್ಸ್ ಅದನ್ನು ಮೌಂಟ್ ಮಾಡಲು ಒಪ್ಪುವುದಿಲ್ಲ. ತಪಾಸಣೆಯ ಆಜ್ಞೆ ಕೊಟ್ಟರೆ ಈ ವ್ಯತ್ಯಾಸವನ್ನು ತಿಳಿಸಿ, ನಿಲ್ಲಿಸಲೇ ಎಂದು ಕೇಳುತ್ತದೆ. ಆಗ ನಿಲ್ಲಿಸಬೇಕು. ಗಾಬರಿಯಿಂದ ನಿಲ್ಲಿಸದೆ ಮುಂದುವರಿದು, ಆಮೇಲಿನ ಎಲ್ಲದಕ್ಕೂ ಹೌದೆನ್ನುವುದೇ ನಿಜವಾದ ಅನಾಹುತ. ಗಡಿಕಲ್ಲು ಸರಿದಿದೆಯೇ ಹೊರತು ಆಚೆಯ ಸಾಮಾನು ಇನ್ನೂ ಅಲ್ಲಿಯೇ ಇದೆ; ಅದರ ಮೇಲೆ ಬೇರೆ ಯಾವುದನ್ನೂ ಬರೆಯದಿದ್ದರೆ, ಎರಡನೆಯ ಮೆಟ್ಟಿಲಿನಲ್ಲಿ ಕಾಗದದ ಮೇಲೆ ಬರೆದಿಟ್ಟ ಸಂಖ್ಯೆಗಳಂತೆ ಗಡಿಯನ್ನು ಹಳೆಯ ಜಾಗದಲ್ಲಿಯೇ ನೆಟ್ಟು ಎಲ್ಲವನ್ನೂ ಮರಳಿ ಪಡೆಯುವ ಸಾಧ್ಯತೆಯಿದೆ. ಒಂದು ತುಂಡು ಕಾಗದದ ಬೆಲೆ ಆಗ ತಿಳಿಯುತ್ತದೆ.

ಹೆತ್ತವರಿಗೆ ಒಂದು ಮಾತು

ಮನೆಯಲ್ಲಿ ಸರ್ವರ್ ಇಲ್ಲದಿರಬಹುದು, ಆದರೆ ಮೊಬೈಲು ಇದೆ. ಅಜ್ಜ ಅಜ್ಜಿಯರ ಭಾವಚಿತ್ರ, ಮಗುವಿನ ಮೊದಲ ಮಾತಿನ ಧ್ವನಿ, ಜಾಗದ ದಾಖಲೆಯ ಚಿತ್ರ ಎಲ್ಲವೂ ಅದರೊಳಗೇ. ಜಾಗ ಸಾಲದೆಂದು ಯಂತ್ರ ಹೇಳಿದಾಗ ಅವಸರದಿಂದ ಅಳಿಸಲು ಹೋಗಬೇಡಿ. ಮೊದಲು ಬೇರೆಡೆಗೆ ನಕಲು, ಆಮೇಲೆ ಆ ನಕಲನ್ನು ತೆರೆದು ನೋಡುವುದು, ಕೊನೆಗೆ ಅಳಿಸುವುದು. ಸರ್ವರಿಗೆ ಹೇಳಿದ ನಿಯಮವೇ ಇಲ್ಲಿಯೂ ಸಲ್ಲುತ್ತದೆ.

ವಿದ್ಯಾರ್ಥಿ ಮಿತ್ರರೇ, ನೀವು ಈ ಸಂಚಿಕೆಗೆ ಬರೆದ ಕತೆ, ಕವನ, ಪ್ರವಾಸ ಕಥನಗಳೂ ನಾಳೆ ಆ ಉಗ್ರಾಣದ ಯಾವುದೋ ಬ್ಲಾಕಿನಲ್ಲಿ ಕುಳಿತಿರುತ್ತವೆ. ಇಪ್ಪತ್ತು ವರ್ಷಗಳ ಬಳಿಕ ನಿಮ್ಮ ಮಕ್ಕಳು ಇದೇ ಶಾಲೆಗೆ ಬಂದು ಅವನ್ನು ಕೇಳಬಹುದು. ಆಗ ಅವು ದೊರೆಯಬೇಕಾದರೆ ನಡುವೆ ಆ ಯಂತ್ರಕ್ಕೆ ಕೈಹಾಕುವ ಪ್ರತಿಯೊಬ್ಬರೂ ಕ್ರಮ ಬಲ್ಲವರಾಗಿರಬೇಕು. ಅವರಲ್ಲಿ ಕೆಲವರು ನೀವೇ ಆಗಿರುತ್ತೀರಿ. ಮೊದಲು ಪ್ರತಿ, ಆಮೇಲೆ ಮನೆ, ಕೊನೆಗೆ ಗಡಿ. ಇಷ್ಟನ್ನು ನೆನಪಿಟ್ಟರೆ ಸಾಕು.